ಎರಡು ಬಾಗಿಲಿನ ಕಾರು, ಒಂದು ಸೀಮೆಸುಣ್ಣದ ಗೆರೆ

‘ಅದು ಆಗೋ ಮಾತಲ್ಲ’ ಎಂದು ಮೊದಲು ಹೇಳಿದವರು ನನ್ನ ಸೋದರಮಾವ ರಾಜಣ್ಣ. ನಮ್ಮ ಮನೆಯಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ತೀರ್ಪು ಕೊಡುವ ಕೆಲಸ ಬಹಳ ವರ್ಷಗಳಿಂದ ಅವರದೇ. ನಾನು ಡಿಪ್ಲೊಮಾ ಮುಗಿಸಿ, ಕೆಲಸಕ್ಕೂ ಸೇರಿ, ಸಂಜೆ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತೇನೆ ಎಂದಾಗ ಅವರು ಹೆಗ್ಗನಹಳ್ಳಿಯ ನಮ್ಮ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಒಂದು ಕಾಲಿನದು ಬಿಟ್ಟು, ಇನ್ನೊಂದು ಕಾಲಿನದು ಬಿಡುವ ಮೊದಲೇ ತೀರ್ಪು ಬಂತು: “ಟಿಂಕರ್ ಕೆಂಪಣ್ಣನ ಮಗಳು ಇಂಜಿನಿಯರ್ರಾ? ಅದು ಆಗೋ ಮಾತಲ್ಲ ಕಣವ್ವ. ಹಗಲು ಕೆಲ್ಸ, ಸಂಜೆ ಓದು ಅಂದ್ರೆ ಎರಡೂ ಕೆಡ್ತವೆ.”

ಎರಡೂ ಕೆಡಲಿಲ್ಲ. ನಡುವೆ ಒಂದು ಸಲ ಗಣಿತದಲ್ಲಿ ಉರುಳಿದೆ, ಇನ್ನೊಂದು ಸಲ ಪರೀಕ್ಷೆಯ ದಿನವೇ ಪಾಳಿ ಬಿತ್ತು, ಆದರೂ ಮುಗಿಸಿದೆ. ಅಪ್ಪನ ಕಡೆಯಲ್ಲೂ ಅಮ್ಮನ ಕಡೆಯಲ್ಲೂ ಪದವಿ ಎಂಬುದನ್ನು ಮನೆಗೆ ತಂದವಳು ನಾನೇ ಮೊದಲು. ಇದನ್ನು ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ನೀವು ಕೇಳದಿದ್ದರೂ ಹೇಳುತ್ತಿದ್ದೆ. ಹಾಗೆ ಹೇಳಿಕೊಂಡು ತಿರುಗಿದ್ದಕ್ಕೆ ಒಂದು ದಿನ ತಲೆ ತಗ್ಗಿಸಬೇಕಾಯಿತು, ಅದನ್ನೇ ಈಗ ಬರೆಯಲು ಕೂತಿದ್ದೇನೆ.

ಮೊನ್ನೆ ಕಾರಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಗಾಜು ಒರೆಸುವ ಬಟ್ಟೆ ಹುಡುಕುವಾಗ ಒಂದು ಹಳೆಯ ನೋಟ್‌ಪುಸ್ತಕ ಕೈಗೆ ಬಂತು. ಮುಂದಿನಿಂದ ತೆರೆದರೆ ಕಾಲೇಜಿನ ಪಾಠ: ಶಾಖ ಹೇಗೆ ಹರಿಯುತ್ತದೆ, ಲೋಹ ಹೇಗೆ ಹಿಗ್ಗುತ್ತದೆ. ಹಿಂದಿನಿಂದ ತೆರೆದರೆ ಕಾರಿನ ಯೋಜನೆ. ಅದರಲ್ಲಿ ಮೂರು ಹಂತಗಳಿದ್ದವು. ಮೊದಲನೆಯದರಲ್ಲಿ ಟೈರು ಮತ್ತು ಬ್ರೇಕು, ಎರಡನೆಯದರಲ್ಲಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಮತ್ತು ಬಾನೆಟ್ಟಿನ ಒಳಗಿನ ಅಡ್ಡಪಟ್ಟಿ, ಮೂರನೆಯದರಲ್ಲಿ ಇಂಜಿನ್ನಿನ ಉಸಿರಾಟ, ಎಂದರೆ ಗಾಳಿ ಒಳಗೆ ಬರುವ ದಾರಿ ಮತ್ತು ಹೊಗೆ ಹೊರಗೆ ಹೋಗುವ ದಾರಿ. ಪ್ರತಿ ಸಾಲಿನ ಕೆಳಗೂ ಸ್ಕೇಲು ಇಟ್ಟು ಗೆರೆ ಎಳೆದಿದ್ದೇನೆ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ನನ್ನ ಕೈಬರಹ ಚೆನ್ನಾಗಿದೆ ಎಂದು ಶಾಲೆಯಿಂದಲೂ ಎಲ್ಲರೂ ಹೇಳುತ್ತಿದ್ದರು. ಕೆಲವು ದಿನಗಳಿಂದ ಆ ಮಾತು ಕೇಳಿದರೆ ಬೇರೆ ವಿಷಯ ತೆಗೆಯುತ್ತೇನೆ.

ಕಾರಿನ ವಿಷಯ ಹೇಳಬೇಕು. ಅದು ಎರಡು ಬಾಗಿಲಿನ, ನೆಲಕ್ಕೆ ಅಂಟಿಕೊಂಡಂತಿರುವ, ಮೂತಿ ಉದ್ದದ ಸ್ಪೋರ್ಟ್ಸ್ ಕೂಪೆ. ಬಸವೇಶ್ವರನಗರದ ಒಬ್ಬರ ಮನೆಯ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿತ್ತು. ಅವರು ಅಪ್ಪನ ಹಳೆಯ ಗಿರಾಕಿ. “ಮಕ್ಕಳು ಮುಟ್ಟಲ್ಲ, ನಂಗೆ ಇಳಿಯೋಕೆ ಹತ್ತೋಕೆ ಆಗಲ್ಲ, ನಿನ್ನ ಮಗಳಿಗೆ ಗಾಡಿ ಹುಚ್ಚಲ್ವಾ ಕೆಂಪಣ್ಣ, ತಗೊಂಡೋಗು” ಎಂದಿದ್ದರು. ನಾನು ನೋಡಲು ಹೋದಾಗ ಟಾರ್ಪಾಲಿನ ಕೆಳಗಿಂದ ಎರಡು ಬೆಕ್ಕಿನ ಮರಿ ಹೊರಬಂದವು. ಬಣ್ಣ ಬೂದಿಯಾಗಿತ್ತು. ಸ್ಟೇರಿಂಗಿನ ತೊಗಲು ಸಿಪ್ಪೆ ಎದ್ದಿತ್ತು. ಕೀಲಿ ತಿರುಗಿಸಿದರೆ ಮೂರು ಸಲ ಕೆಮ್ಮಿ, ನಾಲ್ಕನೇ ಸಲ ಎಂತಹ ಸದ್ದು ಮಾಡಿತೆಂದರೆ, ಮದುವೆಯೇ ಬೇಡ ಎಂದು ಹಟ ಹಿಡಿದಿದ್ದ ನಾನು ಆ ಕ್ಷಣಕ್ಕೆ ತಾಳಿ ಕಟ್ಟಿಸಿಕೊಂಡವಳ ಹಾಗೆ ನಿಂತುಬಿಟ್ಟೆ.

ಮಾವನ ಎರಡನೇ ತೀರ್ಪು ಆಗ ಬಂತು. “ಈ ಗಾಡೀಲಿ ದಿನಾ ಹೆಗ್ಗನಹಳ್ಳಿಯಿಂದ ಕೆಂಗೇರಿ ದಾಟಿ ಹೋಗಿ ಬರ್ತೀಯಾ? ಆಗೋ ಮಾತಲ್ಲ.”

ಇದರಲ್ಲಿ ಅವರದು ಅರ್ಧ ಸರಿಯಾಗಿತ್ತು. ಕೆಂಗೇರಿ ದಾಟಿದ ಮೇಲೆ ಸಿಗುವ ಒಂದು ಕಾರ್ಖಾನೆಯಲ್ಲಿ ನಾನು ಗುಣಮಟ್ಟ ತಪಾಸಣೆ ಮಾಡುವವಳು. ಬಿಡಿಭಾಗಗಳ ಮೇಲೆ ಒತ್ತಿರುವ ಸಂಖ್ಯೆ ಓದಿ, ಕಾಗದದಲ್ಲಿರುವ ಸಂಖ್ಯೆಗೆ ಹೊಂದಿಸಿ, ಸರಿಯಿದ್ದರೆ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು. ದಿನವೆಲ್ಲ ಸಂಖ್ಯೆ ಓದುವುದೇ ನನ್ನ ಹೊಟ್ಟೆಪಾಡು. ಇದು ನೆನಪಿರಲಿ.

ಮನೆಯಿಂದ ಅಲ್ಲಿಗೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಾನು ಹಂಪುಗಳಲ್ಲಿ ಉತ್ತರ ಹೇಳಬಲ್ಲೆ. ಸುಂಕದಕಟ್ಟೆಯಲ್ಲಿ ಒಂದು ಹಂಪು ಇದೆ, ಅದನ್ನು ಹಾಕಿದವರಿಗೆ ರಸ್ತೆಯ ಮೇಲೆ ಯಾವುದೋ ಹಳೇ ದ್ವೇಷ ಇದ್ದಿರಬೇಕು. ಅದನ್ನು ನೇರ ಹತ್ತಿದರೆ ಕಾರಿನ ಹೊಟ್ಟೆ ಉಜ್ಜುತ್ತದೆ. ಆದ್ದರಿಂದ ಒಂದು ಚಕ್ರ ಮೊದಲು, ಇನ್ನೊಂದು ಆಮೇಲೆ ಎಂದು ಓರೆಯಾಗಿ ಹತ್ತಬೇಕು. ನಾನು ಓರೆಯಾಗುವುದನ್ನು ಕಂಡ ಡೆಲಿವರಿ ಹುಡುಗರು ನಾನು ಪಕ್ಕದ ಗಲ್ಲಿಗೆ ತಿರುಗುತ್ತಿದ್ದೇನೆ ಎಂದುಕೊಂಡು ಇನ್ನೊಂದು ಬದಿಯಿಂದ ನುಗ್ಗುತ್ತಾರೆ. “ಏನಕ್ಕಾ, ರೇಸ್ ಗಾಡಿ ತಗೊಂಡು ಎತ್ತಿನ ಗಾಡಿ ಥರ ಹೋಗ್ತೀರಲ್ಲ!” ಎಂದು ಒಬ್ಬ ಗಾಜು ತಟ್ಟಿ ಹೇಳಿ ಹೋಗಿದ್ದ. ಅವನು ಹೇಳಿದ್ದು ನಿಜ. ಆ ಕಾರಿನ ಮೀಟರಿನಲ್ಲಿರುವ ಅಂಕಿಗಳ ಪೈಕಿ ಮೇಲಿನ ಅರ್ಧವನ್ನು ಮುಳ್ಳು ನನ್ನ ಕೈಯಲ್ಲಿ ಒಮ್ಮೆಯೂ ಮುಟ್ಟಿಲ್ಲ.

ಕೆಂಗೇರಿಯ ಮದುವೆಯೊಂದಕ್ಕೆ ಮಾವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದದ್ದೂ ಒಂದು ಕಥೆ. ಮುಂದಿನ ಸೀಟು ಮಡಚಿ, ತಲೆ ಬಗ್ಗಿಸಿ ಹೇಗೋ ಒಳಗೆ ಹೋದರು. ಛತ್ರದ ಮುಂದೆ ಇಳಿಯಲು ಆಗಲಿಲ್ಲ. ರೇಷ್ಮೆ ಪಂಚೆಯ ತುದಿ ಸೀಟಿನ ಕೊಂಡಿಗೆ ಸಿಕ್ಕಿತ್ತು. ವಾಲಗದವರು ಬಾರಿಸುವುದು ನಿಲ್ಲಿಸಿ ನೋಡುತ್ತಿದ್ದರು. ಒಳಗಿಂದ ಮಾವನ ಧ್ವನಿ ಮಾತ್ರ ಬಂತು: “ಸುಮಾ, ಊಟ ಇಲ್ಲಿಗೇ ತಂದ್ಬಿಡವ್ವ.”

ಇಂತಹ ಕಾರಿಗೆ ಇನ್ನಷ್ಟು ವೇಗ ಯಾಕೆ ಎಂದು ನೀವು ಕೇಳಬಹುದು. ದಿನಾ ಓಡಿಸುವ ಹಳೆಯ ಕಾರನ್ನು ಮೇಲೇರಿಸುವ ಯೋಜನೆ ಮಾಡುವುದು ಒಂದು ವಿಚಿತ್ರ ಸುಖ. ಮಧ್ಯಾಹ್ನ ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು, ಯಾವ ಟೈರು, ಎಷ್ಟು ಅಗಲ, ಸ್ಪ್ರಿಂಗು ಎಷ್ಟು ಗಟ್ಟಿಯಾದರೆ ಮಾಗಡಿ ರಸ್ತೆಯಲ್ಲಿ ಸೊಂಟ ಉಳಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಶನಿವಾರ ಬಂದರೆ ಬೇರೆ ಏನೋ ಕೈಕೊಡುತ್ತಿತ್ತು. ಒಂದು ವಾರ ರೇಡಿಯೇಟರಿನ ಪೈಪು ಒಡೆಯಿತು. ಮುಂದಿನ ವಾರ ಕಿಟಕಿಯ ಗಾಜು ಒಳಗೆ ಬಿದ್ದು, ಮಳೆಯಲ್ಲಿ ಕೊಡೆ ಬಿಚ್ಚಿಕೊಂಡು ಕಾರು ಓಡಿಸಿದೆ. ಹೀಗೆ ಮೊದಲ ಹಂತ ತಲುಪುವುದರೊಳಗೆ ಕಾರಿಗೆ ಹದಿನೈದು ವರ್ಷ ಸಮೀಪಿಸಿತು. ಹದಿನೈದು ತುಂಬಿದ ಕಾರಿನ ನೋಂದಣಿಯನ್ನು ಸರ್ಕಾರ ಮತ್ತೆ ಪರೀಕ್ಷಿಸಿ ನವೀಕರಿಸಬೇಕು. ಇಲ್ಲದಿದ್ದರೆ ಅದು ರಸ್ತೆಗೆ ಇಳಿಯುವ ಹಾಗಿಲ್ಲ.

ವಿಜಯನಗರದಲ್ಲಿ ಇಂತಹ ಕಾರುಗಳನ್ನೇ ನೋಡಿಕೊಳ್ಳುವ ಇರ್ಫಾನ್ ಎಂಬವರಿದ್ದಾರೆ. ನೋಟ್‌ಪುಸ್ತಕ ತೋರಿಸಿದೆ. ಅವರು ಮೂರೂ ಹಂತ ಓದಿ, “ಮೇಡಂ, ಇದನ್ನ ಫ್ರೇಮ್ ಹಾಕ್ಸಿ ಗೋಡೆಗೆ ಹಾಕ್ಬೋದು, ಅಷ್ಟು ಚೆನ್ನಾಗಿ ಬರ್ದಿದೀರ” ಎಂದರು. ಆಮೇಲೆ ಬಾನೆಟ್ ಎತ್ತಿದರು. “ಡೈಲಿ ಓಡ್ಸೋ ಗಾಡಿ. ಇಂಜಿನ್ ಮುಟ್ಬೇಡಿ. ಅಡ್ಡಪಟ್ಟಿ ಒಂದು ಹಾಕೋಣ, ತಿರುವಲ್ಲಿ ಮೈ ಬಿಗಿ ಇರುತ್ತೆ. ಆದ್ರೆ ಇಲ್ನೋಡಿ.”

ಮುಂದಿನ ಚಕ್ರಗಳ ಶಾಕ್ ಅಬ್ಸಾರ್ಬರುಗಳು ಬಾನೆಟ್ಟಿನ ಒಳಗೆ ಟವರ್ ಎನ್ನುವ ಎರಡು ತಗಡಿನ ಗುಮ್ಮಟಗಳಿಗೆ ಬಂದು ಸೇರುತ್ತವೆ. ಅಡ್ಡಪಟ್ಟಿ ಹಾಕುವುದು ಆ ಎರಡು ಗುಮ್ಮಟಗಳ ನಡುವೆ. ಬಲಗಡೆಯ ಗುಮ್ಮಟದ ಹಿಂದಿನ ತಗಡು ತುಕ್ಕು ಹಿಡಿದಿತ್ತು. ಇರ್ಫಾನ್ ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಬಿಸ್ಕತ್ತಿನ ಹಾಗೆ ಒಳಗೆ ಹೋಯಿತು. “ಇದನ್ನ ಕತ್ತರಿಸಿ ಹೊಸ ತಗಡು ಕೂರಿಸ್ಬೇಕು. ಒಳ್ಳೇ ಟಿಂಕರ್ ಯಾರಾದ್ರೂ ಗೊತ್ತಾ ಮೇಡಂ?”

ನನಗೆ ನಗು ಬಂತು.

ಕಾರುಗಳ ತಗಡು ಬಡಿದು ಬೆಸೆಯುವ ಅಪ್ಪನ ಟಿಂಕರಿಂಗ್ ಶೆಡ್ಡು ಕುರುಬರಹಳ್ಳಿಯಲ್ಲಿದೆ. ನಾನು ಅಲ್ಲೇ ಬೆಳೆದೆ ಎನ್ನಬಹುದು. ಶಾಲೆ ಬಿಟ್ಟ ಮೇಲೆ ಅಮ್ಮ ಮನೆಗೆಲಸ ಮುಗಿಸಿ ಬರುವ ತನಕ ನಾನು ಅಲ್ಲಿ ಬಿಚ್ಚಿಟ್ಟ ಕಾರಿನ ಸೀಟಿನ ಮೇಲೆ ಕೂತು ಮಗ್ಗಿ ಹೇಳುತ್ತಿದ್ದೆ. ಗ್ಯಾಸ್ ವೆಲ್ಡಿಂಗಿನ ಬೆಳ್ಳುಳ್ಳಿಯಂತಹ ವಾಸನೆ ನನ್ನ ಸಮವಸ್ತ್ರಕ್ಕೆ ಹತ್ತುತ್ತಿತ್ತು. ನನ್ನ ಮೊದಲ ಸ್ಲೇಟು ಒಂದು ಹಳೆಯ ಕಾರಿನ ಬಾನೆಟ್ಟು. ಕಪ್ಪು ಪ್ರೈಮರ್ ಬಳಿದು ಒಣಗಲು ಬಿಟ್ಟಿದ್ದರು. ಅಪ್ಪ ಕೊಟ್ಟ ಸೀಮೆಸುಣ್ಣದಲ್ಲಿ ಅದರ ತುಂಬ ಅಆಇಈ ಬರೆದೆ. ಗಿರಾಕಿ ಬಂದು, “ಏನ್ ಕೆಂಪಣ್ಣ, ನನ್ನ ಗಾಡಿ ಸ್ಕೂಲಿಗೆ ಸೇರ್ಕೊಂಡ್ತಾ?” ಎಂದರು. ಅಪ್ಪ, “ಇನ್ನೊಂದ್ ಘಳಿಗೆ ಬುಡಿ ಸಾರ್, ಳ ತನಕ ಬರ್ದ್ಬುಡ್ಲಿ” ಎಂದಿದ್ದ.

ಅಪ್ಪನಿಗೆ ಯಾವ ತಗಡು ಕಂಡರೂ ಬೆರಳ ಗೆಣ್ಣಿನಿಂದ ಕುಟ್ಟಿ ನೋಡುವ ಅಭ್ಯಾಸ. ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ನಿಂತ ಯಾರದೋ ಕಾರಿನ ಬಾಗಿಲು ಕುಟ್ಟಿ, “ಒಳ್ಗೆ ಬರೀ ಪುಟ್ಟಿ ಮೆತ್ತವ್ರೆ” ಎಂದು ಮಾಲೀಕನಿಗೇ ಹೇಳಿ ಜಗಳ ತಂದುಕೊಂಡದ್ದಿದೆ. ತಗಡಿನ ತೂತಿಗೆ ಪುಟ್ಟಿಯ ಅಂಟು ಮೆತ್ತಿ ಬಣ್ಣ ಬಳಿಯುವವರನ್ನು ಕಂಡರೆ ಅವನಿಗೆ ಆಗದು. ಅವನ ಕೆಲಸಕ್ಕೆ ಒಂದೇ ಕಟ್ಟಳೆ: ಕತ್ತರಿಸುವ ಗೆರೆಯನ್ನು ತಾನೇ ಎಳೆಯಬೇಕು, ತಾನೇ ಕತ್ತರಿಸಬೇಕು. ಬೇರೆಯವರು ಹಾಕಿದ ಗೆರೆಯ ಮೇಲೆ ಅವನು ತಗಡು ಕೊಯ್ಯುವ ಗ್ರೈಂಡರ್ ಇಟ್ಟವನಲ್ಲ. ಗೆರೆ ಎಳೆಯುವ ಮೊದಲು ಜಾಗವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ, ಬೆರಳಾಡಿಸಿ, ಕುಟ್ಟಿ, ಮತ್ತೆ ಉಜ್ಜಿ, ಅರ್ಧ ಬೀಡಿ ಸೇದುವಷ್ಟು ಹೊತ್ತು ಸುಮ್ಮನೆ ನೋಡುತ್ತ ಕೂರುತ್ತಿದ್ದ.

ಅವನು ಓದಿದ್ದು ನಾಲ್ಕನೇ ತರಗತಿ. ಕನ್ನಡ ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ಓದುತ್ತಾನೆ. ಇಂಗ್ಲಿಷು ಬರುವುದಿಲ್ಲ, ಅಂಕಿಗಳು ಮಾತ್ರ ನನಗಿಂತ ಚೆನ್ನಾಗಿ ಬರುತ್ತವೆ. ನನ್ನ ಡಿಪ್ಲೊಮಾ ಅರ್ಜಿಗೆ ಪೋಷಕರ ಸಹಿ ಬೇಕು ಎಂದಾಗ, ಹೆಡ್‌ಲೈಟಿನ ರಟ್ಟಿನ ಡಬ್ಬಿ ಹರಿದು ಅದರ ಮೇಲೆ ಮೂರು ದಿನ ಸಹಿ ಅಭ್ಯಾಸ ಮಾಡಿದ್ದ. ಕೊನೆಯ ‘ಣ್ಣ’ದ ಬಾಲವನ್ನು ಉದ್ದಕ್ಕೆ ಎಳೆದು ಮೇಲಕ್ಕೆ ತಿರುಗಿಸುತ್ತಿದ್ದ. ಅರ್ಜಿ ತೆಗೆದುಕೊಂಡ ಗುಮಾಸ್ತರು, “ಏನ್ರೀ, ಮಿನಿಸ್ಟರ್ ಥರ ಸೈನ್ ಹಾಕಿದೀರ” ಎಂದರೆ ಅಪ್ಪ ಮನೆ ತಲುಪುವ ತನಕ ಆ ಮಾತನ್ನೇ ಹೇಳುತ್ತಿದ್ದ.

ತುಕ್ಕಿನ ವಿಷಯ ಹೇಳಿದಾಗ ಅವನ ಮುಖ ಅರಳಿತು. ನಾನು ಅಷ್ಟು ವರ್ಷ ಕಾರಿನ ಬಗ್ಗೆ ಯಾರು ಯಾರನ್ನೋ ಕೇಳಿದ್ದೆ, ಎಲ್ಲೆಲ್ಲಿಯದೋ ಓದಿದ್ದೆ. ಅವನನ್ನು ಏನೂ ಕೇಳಿರಲಿಲ್ಲ.

“ನಿನ್ನ ಓದಿಗೂ ನನ್ನ ಸುತ್ತಿಗೆ ಬೇಕಾಯ್ತಾ?” ಎಂದ.

“ಬೇಕಾಯ್ತು ಕಣಪ್ಪ. ಆದ್ರೆ ನಾನು ಹೇಳ್ದಷ್ಟೇ ಕತ್ತರಿಸ್ಬೇಕು. ಪಟ್ಟಿ ಕೂರೋಕೆ ಅಳತೆ ಇದೆ.”

ನಾನು ಇಂಜಿನಿಯರಲ್ಲವೇ? ಭಾರ ಎಲ್ಲಿ ಬೀಳುತ್ತದೆ, ತಗಡು ಎಷ್ಟು ದೂರ ಗಟ್ಟಿಯಿರಬೇಕು ಎಂದು ನೋಟ್‌ಪುಸ್ತಕದಲ್ಲಿ ಚಿತ್ರ ಬರೆದಿದ್ದೆ. ಮರುದಿನ ಬೆಳಗ್ಗೆ ಒಂದು ವಾರದ ತರಬೇತಿಗೆ ಹೊಸೂರಿಗೆ ಹೋಗುವುದಿತ್ತು. ಅವಸರದಲ್ಲಿ ಶೆಡ್ಡಿಗೆ ಹೋಗಿ, ಬಾನೆಟ್ ಎತ್ತಿ, ಹದಿನಾಲ್ಕು ವರ್ಷದ ಜಿಡ್ಡು ಧೂಳು ಹೆಪ್ಪುಗಟ್ಟಿದ್ದ ಆ ತಗಡಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಒಂದು ಅಂಗೈ ಅಗಲದ ಚೌಕ.

ಅಪ್ಪ ಬಟ್ಟೆ ಹಿಡಿದು ನಿಂತಿದ್ದ. “ಉಜ್ಜಿ ನೋಡ್ದೆ ಗೆರೆ ಹಾಕ್ತೀಯಲ್ಲ?”

“ಅಳತೆ ಮಾಡಿದೀನಿ ಬಿಡಪ್ಪ. ಗೆರೆ ಮೇಲೆ ಕತ್ತರಿಸು, ಸಾಕು.”

ಅವನು ಒಂದು ಗಳಿಗೆ ಗೆರೆ ನೋಡಿದ, ನನ್ನನ್ನು ನೋಡಿದ. “ಆಯ್ತು. ಓದಿರೋಳು ಹಾಕಿದ್ದು” ಎಂದ.

ವಾರ ಕಳೆದು ಬಂದೆ. ಎಂತಹ ಕೆಲಸ ಅಂತೀರಿ! ಅಂಗೈಯಲ್ಲಿ ಸವರಿದರೆ ಬೆಸುಗೆಯ ಸುಳಿವಿಲ್ಲ. ಕಣ್ಣು ಮುಚ್ಚಿ ಸವರಿದರೂ ಇಲ್ಲ. ಕಾರ್ಖಾನೆಯಲ್ಲಿ ಅಂತಹ ಕೆಲಸ ಬಂದಿದ್ದರೆ ಕಣ್ಣು ಮುಚ್ಚಿಕೊಂಡು ಹಸಿರು ಚುಕ್ಕೆ ಇಡುತ್ತಿದ್ದೆ. ಕಾರಿನದೇ ಬಣ್ಣವನ್ನು ಬಳಿದು ಪಾಲಿಷ್ ಹಾಕಿದ್ದ. ಕತ್ತರಿಸಿದ ತುಕ್ಕು ತುಂಡು ಗುಜರಿಯವನ ಪಾಲಾಗಿತ್ತು. ಇರ್ಫಾನ್ ಅಡ್ಡಪಟ್ಟಿ ಕೂರಿಸಿ, “ಯಾರ್ ಮಾಡಿದ್ದು ಮೇಡಂ? ನನ್ಗೂ ಒಂದೆರಡು ಗಾಡಿ ಇದೆ” ಎಂದರು. ನಾಗರಬಾವಿಯ ತಿರುವಿನಲ್ಲಿ ಕಾರು ಮೈ ಹೊರಳಿಸದೆ ಬಿಲ್ಲಿನ ಹಾಗೆ ತಿರುಗಿತು. ಮೂರು ಹಂತದ ಯೋಜನೆಯಲ್ಲಿ ಅದೊಂದೇ ನೆರವೇರಿದ್ದು. ಆ ಸಂಜೆ ಮನೆ ತಲುಪುವವರೆಗೆ ನಾನು ಒಬ್ಬಳೇ ನಗುತ್ತಿದ್ದೆ.

ಎರಡು ತಿಂಗಳಾದ ಮೇಲೆ ನೋಂದಣಿ ನವೀಕರಣಕ್ಕೆ ಕಾರನ್ನು ಆರ್‌ಟಿಓ ಕಚೇರಿಗೆ ಒಯ್ದೆವು. ಅಪ್ಪನೂ ಬಂದಿದ್ದ. ತನ್ನ ಕೆಲಸವನ್ನು ಸರ್ಕಾರದವರು ನೋಡುತ್ತಾರೆ ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಹೊಗೆ ಪರೀಕ್ಷೆ ಆಯಿತು, ಬ್ರೇಕು ಆಯಿತು, ದೀಪ ಆಯಿತು. ಕೊನೆಗೆ ಇನ್‌ಸ್ಪೆಕ್ಟರ್ ಒಂದು ತೆಳು ಕಾಗದ ಮತ್ತು ಪೆನ್ಸಿಲ್ ಹಿಡಿದು ಬಂದರು. ಕಾರಿನ ಗುರುತಿಗೆಂದು ಅದರ ಮೈಮೇಲೆ ಒತ್ತಿರುವ ಚಾಸಿ ಸಂಖ್ಯೆಯ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿದರೆ ಸಂಖ್ಯೆ ಕಾಗದದಲ್ಲಿ ಮೂಡುತ್ತದೆ. ಅದನ್ನು ದಾಖಲೆಗೆ ಹೊಂದಿಸಿದರೆ ಕೆಲಸ ಮುಗಿಯಿತು.

ಅವರು ಬಾನೆಟ್ಟಿನೊಳಗೆ ಬಗ್ಗಿ ಹುಡುಕಿದರು. ಮೊಬೈಲಿನ ಬೆಳಕು ಬಿಟ್ಟು ಹುಡುಕಿದರು. “ಈ ಗಾಡೀಗೆ ಬಲಗಡೆ ಟವರ್ ಹಿಂದೆ ಇರ್ಬೇಕಲ್ಲಮ್ಮ. ಎಲ್ಲಿ?” ಎಂದರು.

ಅಪ್ಪ ಉತ್ಸಾಹದಿಂದ ಮುಂದೆ ಬಂದ. “ಅಲ್ಲಿ ಹೊಸ ತಗಡು ಸಾರ್, ನಾನೇ ಹಾಕಿದ್ದು. ಬೆಸ್ಗೆ ಎಲ್ಲೈತೆ ಕಂಡ್ಹಿಡೀರಿ ನೋಡಾನ.”

ಇನ್‌ಸ್ಪೆಕ್ಟರ್ ಅವನನ್ನು ನೋಡಿದರು, ನನ್ನನ್ನು ನೋಡಿದರು. “ಹೊಸ ತಗಡಾ? ಹಳೇದು ಎಲ್ಲಿ?”

ಫೋನಿನಲ್ಲಿ ನಾನು ಗೆರೆ ಎಳೆದ ದಿನದ ಒಂದು ಚಿತ್ರವಿತ್ತು. ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಸೀಮೆಸುಣ್ಣದ ಚೌಕದ ಒಳಗೆ, ಜಿಡ್ಡಿನ ಅಡಿಯಲ್ಲಿ, ಮಸುಕಾಗಿ ಎರಡು ಮೂರು ಅಂಕಿಗಳ ತಲೆ ಕಾಣುತ್ತಿತ್ತು. ಬಟ್ಟೆಯಲ್ಲಿ ಒಂದು ಸಲ ಉಜ್ಜಿದ್ದರೆ ಎಲ್ಲವೂ ಕಾಣುತ್ತಿತ್ತು. ದಿನವೆಲ್ಲ ಸಂಖ್ಯೆ ಓದಿ ಅನ್ನ ತಿನ್ನುವವಳು ನಾನು.

ಇನ್‌ಸ್ಪೆಕ್ಟರ್ ಕೆಟ್ಟವರಲ್ಲ. ನೆರಳಿಗೆ ಕರೆದು ಹೇಳಿದರು. “ನೋಡಮ್ಮ, ನಂಬರ್ ತೆಗ್ದಿರೋ ಗಾಡಿ ಅಂದ್ರೆ ಕಳ್ಳ ಗಾಡಿ ಅಂತ ಲೆಕ್ಕ. ನಿಮ್ಮದು ಹಂಗಲ್ಲ ಅಂತ ನಂಗೆ ಕಾಣ್ತಿದೆ, ಆದ್ರೆ ನಾನು ಕಂಡ್ರೆ ಸಾಲ್ದು. ಪೊಲೀಸ್ ಸ್ಟೇಷನ್ನಲ್ಲಿ ಹೇಳಿಕೆ ಕೊಡಿ, ಯಾರು ತೆಗೆದ್ರು, ಯಾಕೆ ತೆಗೆದ್ರು ಅಂತ. ಅವರು ವಿಚಾರಿಸಿ ಪತ್ರ ಕೊಟ್ರೆ, ಅದೇ ನಂಬರ್ ಮತ್ತೆ ಒತ್ತೋಕೆ ನಾವು ಪರ್ಮಿಷನ್ ಕೊಡ್ತೀವಿ. ಇಲ್ದಿದ್ರೆ ಈ ಗಾಡಿ ಇಲ್ಲಿಗೆ ಮುಗೀತು.”

ಮರಳಿ ಬರುವಾಗ ಸುಂಕದಕಟ್ಟೆಯ ಹಂಪಿನ ಮೇಲೆ ಅಪ್ಪ, “ಉಜ್ಜಬೇಕಾಗಿತ್ತು” ಎಂದ. ನನಗೆ ಹೇಳಿದನೋ, ತನಗೇ ಹೇಳಿಕೊಂಡನೋ ತಿಳಿಯಲಿಲ್ಲ.

ಆ ವಾರ ಹೇಗೆ ಕಳೆಯಿತೆಂದು ಕೇಳಬೇಡಿ. ಕಾರು ಬಿಟ್ಟುಬಿಡೋಣ ಅಂದುಕೊಂಡೆ. ಮಾವನ ತೀರ್ಪು ನಿಜವಾಗುತ್ತದಲ್ಲ ಎಂದು ಮನಸ್ಸು ಒಪ್ಪಲಿಲ್ಲ. ಇಷ್ಟು ಸಣ್ಣ ಮನಸ್ಸು ನನ್ನದು. ಅಪ್ಪನೇ ಒಂದು ಬೆಳಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು, “ನಡಿ, ಸ್ಟೇಷನ್ಗೆ ಹೋಗಾನ” ಎಂದ.

ಠಾಣೆಯಲ್ಲಿ ಹೇಳಿಕೆ ದಾಖಲಿಸುವವರಿಗೆ ರೈಟರ್ ಎನ್ನುತ್ತಾರೆ. ಅಂದಿನ ರೈಟರ್ ನಡುವಯಸ್ಸಿನವರು, ಕೈಗೆ ಪೆಟ್ಟಾಗಿ ಬಟ್ಟೆ ಸುತ್ತಿಕೊಂಡಿದ್ದರು. ಎಲ್ಲ ಕೇಳಿ, ಕಾರಿನ ಹಳೆಯ ಕಾಗದಗಳನ್ನೂ ನೋಡಿ, ನನ್ನ ಮುಂದೆ ಬಿಳಿ ಹಾಳೆ ಇಟ್ಟರು. “ನೀವೇ ಬರೀರಿ ಮೇಡಂ, ನನ್ ಕೈ ಹಿಂಗಿದೆ. ನಾನು ಹೇಳ್ತೀನಿ.”

ಅಪ್ಪನ ಹೇಳಿಕೆಯನ್ನು ನಾನು ಬರೆಯತೊಡಗಿದೆ. ಕೆಂಪಣ್ಣ ಆದ ನಾನು, ಟಿಂಕರಿಂಗ್ ಕೆಲಸಗಾರ, ಇಂತಹ ಕಡೆ ವಾಸ. ಅಲ್ಲಿಯವರೆಗೆ ಸರಿ ಹೋಯಿತು. ‘ಸಂಖ್ಯೆ ಇದ್ದ ಭಾಗವನ್ನು’ ಎಂಬಲ್ಲಿಗೆ ಬಂದಾಗ ಪೆನ್ನು ನಿಲ್ಲಿಸಿದೆ. “ಸಾರ್, ಗೆರೆ ಹಾಕಿದ್ದು ನಾನು. ಅಪ್ಪ ನಾನು ಹೇಳಿದಷ್ಟೇ ಕತ್ತರಿಸಿದ್ರು. ತಪ್ಪು ನಂದು, ಹಾಗೇ ಬರೀತೀನಿ.”

ರೈಟರ್ ತಲೆ ಅಲ್ಲಾಡಿಸಿದರು. “ನೀವು ಇಂಜಿನಿಯರ್ ಅಂದ್ರಲ್ಲ? ಇಂಜಿನಿಯರ್ ಗೆರೆ ಹಾಕಿ ಚಾಸಿ ನಂಬರ್ ತೆಗ್ಸಿದ್ರು ಅಂತ ಬರೆದ್ರೆ ಯಾರಾದ್ರೂ ನಂಬ್ತಾರಾ, ಗೊತ್ತಿಲ್ದೆ ಮಾಡಿದ್ದು ಅಂತ? ಕೇಸ್ ಆಗುತ್ತೆ, ನಿಮ್ ಕೆಲ್ಸಕ್ಕೂ ಬರುತ್ತೆ. ನಿಮ್ಮ ತಂದೆಗೆ ಓದು ಬರಲ್ಲ, ನಂಬರ್ ಅಂತ ತಿಳೀದೆ ತೆಗೆದ್ರು ಅಂತ ಬರೀರಿ. ಸಲೀಸಾಗಿ ಮುಗಿಯುತ್ತೆ.”

“ಅಪ್ಪಂಗೆ ಓದೋಕೆ ಬರುತ್ತೆ ಸಾರ್.”

“ಬರ್ಲಿ ಬಿಡಿ. ಯಾರು ಪರೀಕ್ಷೆ ಮಾಡ್ತಾರೆ?”

ನಾನು ಅಪ್ಪನ ಕಡೆ ನೋಡಿದೆ. ಅವನು ಬೆಂಚಿನ ತುದಿಯಲ್ಲಿ, ಮೊಣಕಾಲ ಮೇಲೆ ಎರಡೂ ಕೈ ಇಟ್ಟು ಕೂತಿದ್ದ. “ಸಾಹೇಬ್ರು ಹೇಳ್ದಂಗೆ ಬರಿಯವ್ವ. ಕೆಲ್ಸ ಆಗ್ಲಿ” ಎಂದ.

ಇಲ್ಲಿ ನಾನು ಪೆನ್ನು ಕೆಳಗಿಟ್ಟೆ ಎಂದು ಬರೆಯಬೇಕೆಂದು ನನಗೂ ಆಸೆಯಿದೆ. ಕೆಳಗಿಡಲಿಲ್ಲ. ‘ನಾನು ಅನಕ್ಷರಸ್ಥನಾಗಿದ್ದು, ಓದು ಬರಹ ಬಾರದ ಕಾರಣ, ಸದರಿ ಸಂಖ್ಯೆಯ ಮಹತ್ವ ತಿಳಿಯದೆ’ ಎಂದು ಬರೆದೆ. ಒತ್ತಕ್ಷರ ಒಂದೂ ತಪ್ಪಲಿಲ್ಲ. ರೈಟರ್ ಹಾಳೆ ಎತ್ತಿ ಹಿಡಿದು, “ಎಂಥ ಅಕ್ಷರ ಮೇಡಂ! ಪ್ರಿಂಟ್ ಹೊಡ್ದಂಗಿದೆ” ಎಂದರು.

ಅಪ್ಪ ಎದ್ದು ಬಂದ. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಕೆಳಗೆ ಸಹಿಯ ಜಾಗ ಹುಡುಕಿ, ಬಗ್ಗಿದ.

“ಏ ಯಜಮಾನ್ರೇ, ಏನ್ ಮಾಡ್ತಿದೀರಾ?” ರೈಟರ್ ಹಾಳೆ ಎಳೆದುಕೊಂಡರು. “ಓದು ಬರಹ ಬರಲ್ಲ ಅಂತ ಬರ್ಸಿ ಸೈನ್ ಹಾಕಿದ್ರೆ ಹೆಂಗೆ? ಹೆಬ್ಬೆಟ್ಟು ಒತ್ತಿ.”

ಪೆನ್ನು ಹಿಡಿದ ಅಪ್ಪನ ಕೈ ಅಲ್ಲೇ ಗಾಳಿಯಲ್ಲಿ ನಿಂತಿತು. ಆಮೇಲೆ ಅವನು ಪೆನ್ನಿನ ಮುಚ್ಚಳ ಹಾಕಿ, ಅದು ಉರುಳದ ಹಾಗೆ ಕಾಗದಗಳ ನಡುವೆ ಇಟ್ಟ. ಮಸಿಯ ಡಬ್ಬಿಯಲ್ಲಿ ಹೆಬ್ಬೆರಳು ಅದ್ದಿ ಒತ್ತಿದ. ಒಂದು ಕಪ್ಪು ಮಚ್ಚೆ ಮಾತ್ರ ಬಿತ್ತು. ನಲವತ್ತು ವರ್ಷ ಉಪ್ಪುಕಾಗದ ಉಜ್ಜಿದ ಬೆರಳಿನಲ್ಲಿ ಗೆರೆಗಳೇ ಉಳಿದಿರಲಿಲ್ಲ. “ಇನ್ನೊಂದ್ಸಲ ಒತ್ತಿ” ಎಂದರು ರೈಟರ್. ಮತ್ತೆ ಮಚ್ಚೆ. “ಎಡಗೈದು ನೋಡಿ.” ಎಡಗೈಯದು ಸ್ವಲ್ಪ ಪರವಾಗಿಲ್ಲ ಎನ್ನುವ ಹಾಗೆ ಬಂತು. ಹೊರಗೆ ಬಂದ ಮೇಲೆ ಅಪ್ಪ ಎರಡೂ ಹೆಬ್ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡ. ನರೆತ ಕೂದಲ ಮೇಲೆ ಮಸಿ ಕಾಣುತ್ತಿತ್ತು.

ಪೊಲೀಸರ ಪತ್ರ ಬಂತು. ಅನುಮತಿ ಸಿಕ್ಕಿತು. ಅಪ್ಪ ಹಾಕಿದ ಹೊಸ ತಗಡಿನ ಮೇಲೆ, ಬೆಸುಗೆಯೇ ಕಾಣದ ಆ ನುಣುಪಿನ ಮೇಲೆ, ಆರ್‌ಟಿಓ ಕಡೆಯವರು ಸುತ್ತಿಗೆ ಹೊಡೆದು ಒಂದೊಂದೇ ಅಂಕಿ ಒತ್ತಿದರು. ಪ್ರತಿ ಏಟಿಗೂ ಅಪ್ಪನ ಕಣ್ಣು ಮಿಟುಕುತ್ತಿತ್ತು. ಕಾರು ಈಗ ಓಡುತ್ತಿದೆ, ದಿನಾ ಓಡಿಸುತ್ತೇನೆ. ತಿರುವಿನಲ್ಲಿ ಮೈ ಹೊರಳಿಸುವುದಿಲ್ಲ. ನನಗೆ ಅದರಲ್ಲಿ ಯಾವ ಸುಖವೂ ಉಳಿದಿಲ್ಲ. ಮಾರೋಣವೆಂದರೆ ಅಪ್ಪ ನೊಂದುಕೊಳ್ಳುತ್ತಾನೆ. ಇಟ್ಟುಕೊಂಡರೆ ಬಾನೆಟ್ ಎತ್ತಿದಾಗಲೆಲ್ಲ ಆ ಜಾಗ ಕಾಣುತ್ತದೆ. ಮೊನ್ನೆ ಸಿಕ್ಕ ನೋಟ್‌ಪುಸ್ತಕದಲ್ಲಿ ಉಳಿದ ಹಂತಗಳೆಲ್ಲ ಹಾಗೇ ಇವೆ. ಒಂದನ್ನೂ ಮಾಡುವುದಿಲ್ಲ. ಮಾವನಿಗೆ ಮಾತ್ರ ನಡೆದದ್ದು ಯಾವುದೂ ಗೊತ್ತಿಲ್ಲ. “ಪರ್ವಾಗಿಲ್ಲ ಕಣವ್ವ, ಮಾಡ್ಕೊಂಡೆ ನೀನು. ಆಗಲ್ಲ ಅಂದಿದ್ದೆ” ಎಂದು ಮೊನ್ನೆ ಅವರಾಗಿಯೇ ಒಪ್ಪಿಕೊಂಡರು. ಜೀವಮಾನವೆಲ್ಲ ಆ ಮಾತಿಗೆ ಕಾದಿದ್ದೆ. ಕೇಳಿಸಿಕೊಂಡು ಒಳಗೆ ಹೋಗಿ ಪಾತ್ರೆ ತೊಳೆದೆ.

ಆರ್‌ಟಿಓದಲ್ಲಿ ಕಾರಿನ ಹೊಸ ನೋಂದಣಿ ಪ್ರಮಾಣಪತ್ರ ಕೊಟ್ಟ ದಿನವೂ ಅಪ್ಪ ಜೊತೆಗೆ ಬಂದಿದ್ದ. ಕಿಟಕಿಯಿಂದ ನನ್ನ ಹೆಸರು ಕೂಗಿದರು. ಕಾಗದವನ್ನು ನಾನು ಇಸಿದುಕೊಂಡು ಅವನ ಕೈಗೆ ಕೊಟ್ಟೆ. ಇಂಗ್ಲಿಷಿನಲ್ಲಿತ್ತು. ಅವನು ಕೈಯನ್ನು ಅಂಗಿಗೆ ಒರೆಸಿಕೊಂಡು ಕಾಗದವನ್ನು ಬೆಳಕಿಗೆ ಹಿಡಿದ. ಚಾಸಿ ಸಂಖ್ಯೆಯ ಸಾಲು ಹುಡುಕಿ, ಬೆರಳಿಟ್ಟು, ಅಕ್ಷರಗಳನ್ನು ದಾಟಿ ದಾಟಿ, ಅಂಕಿಗಳನ್ನು ಒಂದೊಂದಾಗಿ ಕೊನೆಯವರೆಗೂ ಗಟ್ಟಿಯಾಗಿ ಓದಿದ. ಎಲ್ಲವೂ ಸರಿಯಾಗಿತ್ತು. ಆಮೇಲೆ ಕಾಗದ ತಿರುಗಿಸಿ ಹಿಂಬದಿ ನೋಡಿದ, ಮತ್ತೆ ಮುಂದೆ ತಿರುಗಿಸಿದ. ಸಾಲಿನಲ್ಲಿ ನಿಂತವರಿಗೆ ಕೇಳದ ಹಾಗೆ ದನಿ ತಗ್ಗಿಸಿ ನನ್ನನ್ನು ಕೇಳಿದ:

“ಇದ್ರಲ್ಲೂ ಬರ್ದವ್ರಾ ಸುಮಿ, ನಂಗೆ ಓದಾಕೆ ಬರಾಕಿಲ್ಲ ಅಂತ?”